ಬೀದಿಯಲ್ಲಿ ಮಲಗುವವರಿಗೆ ಸೂರು: ಸಾಮಾನ್ಯ ಜನ ಮಾಡಬಹುದಾದದ್ದು – ಪದೇ ಪದೇ ಕೇಳುವ ಪ್ರಶ್ನೆಗಳು

ವಸತಿರಹಿತರು ಅಂದರೆ ಭಿಕ್ಷುಕರೇ ಅಲ್ಲವೇ?

ಅಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆ, ಕಲಾಸಿಪಾಳ್ಯ, ಯಶವಂತಪುರದ ಎಪಿಎಂಸಿ, ಮೆಜೆಸ್ಟಿಕ್ ಸುತ್ತ ರಾತ್ರಿ ಒಂದು ಸುತ್ತು ಹಾಕಿ. ಮಲಗಿದವರಲ್ಲಿ ಹಮಾಲಿಗಳು, ಮದುವೆ ಮನೆಗೆ ಬಡಿಸಲು ಹೋಗುವವರು, ಹೋಟೆಲ್ ಕ್ಲೀನರ್‌ಗಳು, ಚಿಂದಿ ಆಯುವವರು, ಹೂ ಕಟ್ಟುವ ಹೆಂಗಸರು, ಗಾರೆ ಕೆಲಸದವರು ಸಿಗುತ್ತಾರೆ. ದುಡಿಮೆ ಇದೆ, ಬಾಡಿಗೆ ಮನೆಗೆ ಬೇಕಾದ ಅಡ್ವಾನ್ಸ್ ಇಲ್ಲ, ಅಷ್ಟೇ. ಇವರ ಜೊತೆಗೆ ಮನೆಯಿಂದ ಹೊರಬಿದ್ದ ವೃದ್ಧರು, ಮಾನಸಿಕ ಕಾಯಿಲೆಯಿಂದ ದಾರಿ ತಪ್ಪಿದವರು, ಗಂಡನ ಹೊಡೆತಕ್ಕೆ ಓಡಿಬಂದವರು, ಬಾಡಿಗೆಗೆ ಯಾರೂ ಮನೆ ಕೊಡದ ಲಿಂಗತ್ವ ಅಲ್ಪಸಂಖ್ಯಾತರು ಇರುತ್ತಾರೆ. ಒಬ್ಬೊಬ್ಬರಿಗೆ ಬೇಕಾದದ್ದು ಒಂದೊಂದು. ಎಲ್ಲರಿಗೂ ಒಂದೊಂದು ಕಂಬಳಿ ಹಂಚಿ ಮನೆಗೆ ಬಂದರೆ ಸಮಸ್ಯೆ ಮಾರನೇ ದಿನವೂ ಅಲ್ಲೇ ಮಲಗಿರುತ್ತದೆ.

ಎಷ್ಟು ಜನ ಇದ್ದಾರೆ?

2011ರ ಜನಗಣತಿ ದೇಶದಲ್ಲಿ 17.7 ಲಕ್ಷ ವಸತಿರಹಿತರನ್ನು ಎಣಿಸಿತು. ಕರ್ನಾಟಕದ ಪಾಲು ಸುಮಾರು 76 ಸಾವಿರ. ಈ ಎಣಿಕೆ ನಡೆದದ್ದು ಫೆಬ್ರುವರಿ 28ರ ಒಂದೇ ರಾತ್ರಿ. ರಸ್ತೆ ಬದಿ, ಫುಟ್‌ಪಾತ್, ಮೋರಿ ಪೈಪು, ಮೇಲ್ಸೇತುವೆ ಕೆಳಗೆ, ದೇವಸ್ಥಾನದ ಜಗಲಿ, ರೈಲ್ವೆ ಪ್ಲಾಟ್‌ಫಾರಂನಲ್ಲಿ ಸಿಕ್ಕವರು ಲೆಕ್ಕಕ್ಕೆ ಬಂದರು. ಪೊಲೀಸರೆಂದು ಹೆದರಿ ಎದ್ದು ಹೋದವರು, ರಾತ್ರಿಯಿಡೀ ಲೋಡು ಇಳಿಸಿ ಹಗಲು ಮಲಗುವವರು, ಭಯಕ್ಕೆ ಕೂತೇ ಬೆಳಗು ಮಾಡುವ ಹೆಂಗಸರು ಬರಲಿಲ್ಲ. ಹಾಗಾಗಿ ನಿಜವಾದ ಸಂಖ್ಯೆ ಇದಕ್ಕಿಂತ ಹೆಚ್ಚು ಎಂದೇ ಇಟ್ಟುಕೊಳ್ಳಬೇಕು. ಮುಂದಿನ ಜನಗಣತಿಯ ಉಲ್ಲೇಖ ದಿನ 2027ರ ಮಾರ್ಚ್ 1. ನಿಮ್ಮ ಬಡಾವಣೆಯಲ್ಲಿ ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನು ಎಣಿಕೆದಾರರಿಗೆ ಮೊದಲೇ ಹೇಳುವುದು ಖರ್ಚಿಲ್ಲದ ಸಹಾಯ.

ರಾತ್ರಿ ಮನೆಗೆ ಬರುವಾಗ ಒಬ್ಬರು ರಸ್ತೆ ಬದಿ ಮಲಗಿದ್ದು ಕಂಡೆ. ಮೊದಲು ಏನು ಮಾಡಲಿ?

ಮಲಗಿದವರನ್ನು ಎಬ್ಬಿಸಬೇಡಿ, ಟಾರ್ಚ್ ಬಿಡಬೇಡಿ, ಫೋಟೊ ತೆಗೆಯಬೇಡಿ. ಗಂಟುಮೂಟೆ ಮುಟ್ಟಲೇಬಾರದು, ಅದರಲ್ಲಿ ಅವರ ಸಂಸಾರವೇ ಇರುತ್ತದೆ. ಮಾತಾಡಲು ಒಳ್ಳೆಯ ಹೊತ್ತು ರಾತ್ರಿ ಎಂಟರಿಂದ ಹತ್ತು ಅಥವಾ ಬೆಳಗಿನ ಆರು. ನಿಂತು ಮಾತಾಡಿಸುವುದಕ್ಕಿಂತ ಪಕ್ಕದಲ್ಲಿ ಕೂತು ‘ಊಟ ಆಯ್ತಾ?’ ಎನ್ನಿ. ಹೆಸರು, ಊರು, ಆಧಾರ್ ಎಲ್ಲವನ್ನೂ ಮೊದಲ ದಿನವೇ ಕೇಳಿದರೆ ಎರಡನೇ ದಿನ ಅವರು ಆ ಜಾಗದಲ್ಲಿ ಇರುವುದಿಲ್ಲ. ಮೂರು ನಾಲ್ಕು ಸಲ ಹೋದ ಮೇಲೆ ಮಾತು ತಾನಾಗಿ ಬರುತ್ತದೆ.

ಕರೆದರೂ ಏಳದಿದ್ದರೆ, ಉಸಿರು ಏರುಪೇರಾಗಿದ್ದರೆ, ಫಿಟ್ಸ್ ಬಂದಿದ್ದರೆ, ಗಾಯದಲ್ಲಿ ಹುಳು ಕಂಡರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಕರೆ ಮಾಡಿ ಹೊರಟುಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಜೊತೆಗೆ ಯಾರೂ ಇಲ್ಲ ಎಂಬ ಕಾರಣಕ್ಕೆ ರೋಗಿ ಅಲ್ಲೇ ಉಳಿಯುವುದುಂಟು. ಆಂಬುಲೆನ್ಸ್ ಬರುವವರೆಗೆ ನಿಲ್ಲಿ. ಸಾಧ್ಯವಾದರೆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಹೆಸರು ದಾಖಲಾಗಿ ನೋಂದಣಿ ಸಂಖ್ಯೆ ಸಿಗುವವರೆಗೂ ಜೊತೆಗಿರಿ. ಆ ಸಂಖ್ಯೆ ಕೈಯಲ್ಲಿದ್ದರೆ ಮಾರನೇ ದಿನ ವಿಚಾರಿಸಬಹುದು. ಅಪಘಾತದ ಗಾಯಾಳುವಾಗಿದ್ದರೆ ಕೋರ್ಟು ಕಚೇರಿ ಎಂದು ಹೆದರಬೇಕಿಲ್ಲ. ನೆರವಿಗೆ ಬಂದವರ ರಕ್ಷಣೆಗೆಂದೇ ಕರ್ನಾಟಕದಲ್ಲಿ 2016ರ ಕಾಯ್ದೆ ಇದೆ.

ಸರ್ಕಾರದ ತಂಗುದಾಣ ಇದೆಯಂತೆ. ಅಲ್ಲಿ ಏನೇನು ಇರಬೇಕು?

2013ರಲ್ಲಿ ಶುರುವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳುವುದು ಇದು: ಪ್ರತಿ ಒಂದು ಲಕ್ಷ ನಗರ ಜನಸಂಖ್ಯೆಗೆ ಕನಿಷ್ಠ 100 ಜನರಿಗೆ ಶಾಶ್ವತ ತಂಗುದಾಣ. ಒಬ್ಬರಿಗೆ 50 ಚದರ ಅಡಿ ಜಾಗ. ನೀರು, ಶೌಚಾಲಯ, ಸ್ನಾನದ ಮನೆ, ದೀಪ, ಅಡುಗೆಗೆ ಜಾಗ, ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವ ಸಾಧನ, ಸಾಮಾನು ಇಡಲು ಲಾಕರ್. ವರ್ಷವಿಡೀ, 24 ಗಂಟೆಯೂ ತೆರೆದಿರಬೇಕು. ಜಾಗ ಊರಾಚೆ ಇರಬಾರದು. ರೈಲು ನಿಲ್ದಾಣ, ಬಸ್ ನಿಲ್ದಾಣ, ಮಾರುಕಟ್ಟೆಗಳ ಹತ್ತಿರವೇ ಇರಬೇಕು.

ಈ ಅಳತೆಗೋಲಿನಲ್ಲಿ ನಿಮ್ಮೂರಿನ ಲೆಕ್ಕವನ್ನು ನೀವೇ ಹಾಕಬಹುದು. 2011ರ ಜನಗಣತಿಯಂತೆ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನ, ಅಂದರೆ ಆಗಿನ ಜನಸಂಖ್ಯೆಗೇ 84 ತಂಗುದಾಣ. ಹುಬ್ಬಳ್ಳಿ-ಧಾರವಾಡದಲ್ಲಿ 9.4 ಲಕ್ಷ, ಅಂದರೆ ಒಂಬತ್ತು.

ವಿಳಾಸ ತಿಳಿಯಲು ಪಾಲಿಕೆಯ ಅಥವಾ ನಗರಸಭೆಯ ಕಲ್ಯಾಣ ವಿಭಾಗವನ್ನು ಕೇಳಿ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗಕ್ಕೆ ಐದು ಪಾಲಿಕೆಗಳು ಬಂದಿವೆ. ನಿಮ್ಮ ರಸ್ತೆ ಯಾವುದಕ್ಕೆ ಸೇರಿದೆ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸುತ್ತದೆ. ಯಾರನ್ನಾದರೂ ಕರೆದೊಯ್ಯುವ ಮೊದಲು ನೀವೊಬ್ಬರೇ ಒಮ್ಮೆ ಹೋಗಿ ನೋಡಿ ಬನ್ನಿ. ಹಾಸಿಗೆ ಖಾಲಿ ಇದೆಯೇ, ಹೆಂಗಸರಿಗೆ ಬೇರೆ ಜಾಗ ಇದೆಯೇ, ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ಆಧಾರ್ ಇಲ್ಲದವರನ್ನು ಸೇರಿಸುತ್ತಾರೆಯೇ. ಕರೆದೊಯ್ದು ಬಾಗಿಲಲ್ಲೇ ‘ಜಾಗ ಇಲ್ಲ’ ಎನಿಸಿಕೊಂಡರೆ ಅವರು ನಿಮ್ಮ ಮಾತನ್ನು ಮತ್ತೆ ನಂಬುವುದಿಲ್ಲ.

ತಂಗುದಾಣ ಇದ್ದರೂ ಜನ ಹೋಗುವುದಿಲ್ಲವಲ್ಲ? ಅವರಿಗೇ ಬೇಡವೇನೋ.

ಈ ಮಾತು ಬಹಳ ಕೇಳಿಬರುತ್ತದೆ. ಕಾರಣಗಳನ್ನು ನೋಡಿ. ಮಾರುಕಟ್ಟೆಗೆ ಲಾರಿ ಬರುವುದು ನಡುರಾತ್ರಿ. ನಾಲ್ಕು ಕಿಲೋಮೀಟರ್ ದೂರದಲ್ಲಿ ಮಲಗಿದ ಹಮಾಲಿಗೆ ಆ ದಿನದ ಕೂಲಿ ಇಲ್ಲ. ಮಾರ್ಗಸೂಚಿಯಲ್ಲಿ 24 ಗಂಟೆ ಎಂದಿದ್ದರೂ, ಕೆಲಸ ಮುಗಿಸಿ ಬೆಳಿಗ್ಗೆ ಏಳಕ್ಕೆ ಬಂದರೆ ತಂಗುದಾಣ ಖಾಲಿ ಮಾಡುವ ಹೊತ್ತು. ಗಂಡ ಹೆಂಡತಿ ಮಕ್ಕಳು ಒಟ್ಟಿಗಿರಲು ಆಗುವುದಿಲ್ಲ. ಅವರು ಗಂಡಸರ ಕಡೆ, ಇವರು ಹೆಂಗಸರ ಕಡೆ. ತಳ್ಳುಗಾಡಿ, ಚಿಂದಿ ಮೂಟೆ ಇಡಲು ಜಾಗವಿಲ್ಲ. ಲಾಕರ್ ಇದ್ದರೂ ಬೀಗ ಇಲ್ಲ. ಸಾಕಿದ ನಾಯಿಗೆ ಪ್ರವೇಶವಿಲ್ಲ. ತಿಗಣೆ ಕಾಟ ಬೇರೆ.

ಸ್ಥಳೀಯರು ಇಲ್ಲಿ ಕೈಹಾಕಿದರೆ ಫಲ ಬೇಗ ಕಾಣುತ್ತದೆ. ಒಂದು ತಂಗುದಾಣವನ್ನು ನಿಮ್ಮ ಸಂಘ ಗಮನಿಸುತ್ತಿರಲಿ. ಎರಡು ಕೀಲಿಯ ಬೀಗಗಳು, ತಿಂಗಳಿಗೊಮ್ಮೆ ತಿಗಣೆಗೆ ಔಷಧ, ಬಿಸಿಲಿಗೆ ಹಾಸಿಗೆ ಹಾಕಲು ಎರಡು ಜನ, ಕೆಟ್ಟ ಮೋಟಾರು ರಿಪೇರಿಗೆ ಪಾಲಿಕೆಗೆ ದೂರು. ಹೊಸ ಟಿವಿ ದಾನ ಕೊಡುವುದಕ್ಕಿಂತ ಶೌಚಾಲಯದ ಚಿಲಕ ಸರಿಮಾಡಿಸುವುದು ಹೆಚ್ಚು ಜನರನ್ನು ಒಳಗೆ ಕರೆತರುತ್ತದೆ.

ಭಿಕ್ಷೆ ಕೇಳಿದರೆ ದುಡ್ಡು ಕೊಡಲೇ?

ಅದು ನಿಮ್ಮಿಷ್ಟ, ಕೊಟ್ಟರೆ ಪಾಪವಿಲ್ಲ, ಕೊಡದಿದ್ದರೂ ಇಲ್ಲ. ಹತ್ತಿರ ಇಂದಿರಾ ಕ್ಯಾಂಟೀನ್ ಇದ್ದರೆ ಅಲ್ಲಿ ತಿಂಡಿ 5 ರೂಪಾಯಿ, ಊಟ 10 ರೂಪಾಯಿ. ಅವರನ್ನು ಅಲ್ಲಿಗೆ ಕರೆದೊಯ್ದು ಟೋಕನ್ ಕೊಡಿಸಿದರೆ ನಿಮಗೂ ಮಾತಿಗೊಂದು ನೆಪ ಸಿಗುತ್ತದೆ.

ಮದುವೆ ಮನೆಯ ಊಟ ಉಳಿದಿದೆ, ಹಂಚಬಹುದೇ?

ಹಂಚಿ, ಆದರೆ ಗಡಿಯಾರ ನೋಡಿಕೊಂಡು. ಅಡುಗೆ ಒಲೆಯಿಂದ ಇಳಿದ ನಾಲ್ಕು ಗಂಟೆಯೊಳಗೆ ಅದು ಹೊಟ್ಟೆ ಸೇರಬೇಕು. ಎಲೆಗೆ ಬಡಿಸಿ ಮಿಕ್ಕದ್ದು ಬೇಡ, ಪಾತ್ರೆಯಲ್ಲಿ ಉಳಿದದ್ದು ಮಾತ್ರ. ಮೊದಲು ಹಳಸುವುದು ಕಾಯಿ ಚಟ್ನಿ, ಕಾಯಿತುರಿ ಹಾಕಿದ ಪಲ್ಯ, ಕೋಸಂಬರಿ, ಹಾಲಿನ ಪಾಯಸ. ಇವನ್ನು ಬಿಟ್ಟುಬಿಡಿ. ಪುಳಿಯೋಗರೆ, ಚಪಾತಿ, ಲಾಡು ತಡೆಯುತ್ತವೆ. ಬಿಸಿ ಅನ್ನವನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿದರೆ ಬೆವತು ಬೇಗ ಕೆಡುತ್ತದೆ. ಅನ್ನ ಸಾಂಬಾರು ಬೇರೆ ಬೇರೆ ಕೊಂಡೊಯ್ದು ಅಲ್ಲೇ ಬಡಿಸಿ. ಹಲ್ಲಿಲ್ಲದ ಮುದುಕರಿಗೆ ಪೂರಿ ಕೊಟ್ಟು ಬರಬೇಡಿ. ಕುಡಿಯುವ ನೀರು ಜೊತೆಗಿರಲಿ. ಊಟ ಕೊಡುವವರು ಮರೆಯುವುದು ಇದನ್ನೇ.

ಇನ್ನೊಂದು ಮಾತು. ಹಬ್ಬ, ಹುಟ್ಟುಹಬ್ಬ, ಭಾನುವಾರಗಳಲ್ಲಿ ಒಂದೇ ಜಾಗಕ್ಕೆ ನಾಲ್ಕು ಗುಂಪು ಬಂದು ಹಂಚಿ, ಮಂಗಳವಾರ ಯಾರೂ ಇಲ್ಲದಿರುವುದು ಮಾಮೂಲು. ಹೊರಡುವ ಮುನ್ನ ಆ ಜಾಗದ ಬೀಡಾ ಅಂಗಡಿಯವರನ್ನೋ ಕಾವಲುಗಾರರನ್ನೋ ಕೇಳಿ.

ಕಂಬಳಿ ಕೊಡುವುದು ಒಳ್ಳೆಯದಲ್ಲವೇ?

ಬೀದರ್, ವಿಜಯಪುರದ ಕಡೆ ಡಿಸೆಂಬರ್ ಚಳಿಗೆ ಕಂಬಳಿ ಬೇಕೇ ಬೇಕು. ಬೆಂಗಳೂರಿನ ಬೀದಿಯಲ್ಲಿ ಮಲಗುವವರ ಮುಖ್ಯ ಶತ್ರು ಚಳಿಗಿಂತ ಮಳೆ: ಮೇ ತಿಂಗಳ ಗುಡುಗು ಮಳೆಯಿಂದ ಅಕ್ಟೋಬರ್‌ವರೆಗೆ. ಒದ್ದೆಯಾದ ಕಂಬಳಿ ಎರಡು ದಿನಕ್ಕೆ ಒಣಗುವುದಿಲ್ಲ, ಅದನ್ನು ಬಿಟ್ಟು ಹೋಗುತ್ತಾರೆ. ಅದರ ಬದಲು ಆರು ಅಡಿ ಉದ್ದದ ದಪ್ಪ ಪ್ಲಾಸ್ಟಿಕ್ ಹಾಳೆ, ಪ್ಲಾಸ್ಟಿಕ್ ಚಾಪೆ, ಸೊಳ್ಳೆಬತ್ತಿ, ಚಪ್ಪಲಿ, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಸೋಪು ಕೊಡಿ. ಕುತ್ತಿಗೆಗೆ ತೂಗುಹಾಕಿ ಅಂಗಿಯೊಳಗೆ ಇಟ್ಟುಕೊಳ್ಳಬಹುದಾದ ಜಲನಿರೋಧಕ ಚೀಲವೂ ಇರಲಿ. ಅಗ್ಗದ ವಸ್ತು, ಆದರೆ ಕಾಗದಪತ್ರ ಉಳಿಯುವುದು ಅದರಿಂದ.

ಕಾಗದಪತ್ರದ ವಿಷಯಕ್ಕೆ ಇಷ್ಟು ಒತ್ತು ಯಾಕೆ?

ಪಡಿತರ, ಪಿಂಚಣಿ, ಬ್ಯಾಂಕು, ಸಿಮ್, ಬಾಡಿಗೆ ಕರಾರು, ಸರ್ಕಾರಿ ಆಸ್ಪತ್ರೆಯ ಯೋಜನೆ, ಎಲ್ಲದರ ಬಾಗಿಲಲ್ಲೂ ಗುರುತಿನ ಚೀಟಿ ಕೇಳುತ್ತಾರೆ. ಬೀದಿಯಲ್ಲಿ ಮೊದಲು ಕಳುವಾಗುವುದು ಮೊಬೈಲು. ಮೊಬೈಲು ಹೋದರೆ ಒಟಿಪಿ ಹೋಯಿತು, ಒಟಿಪಿ ಹೋದರೆ ಆಧಾರ್ ಇದ್ದೂ ಇಲ್ಲದಂತೆ. ಒಂದೊಂದಾಗಿ ನೋಡೋಣ.

ಆಧಾರ್: ‘ಇಲ್ಲ’ ಎನ್ನುವವರಲ್ಲಿ ಎಷ್ಟೋ ಜನ ಹಿಂದೆ ಒಮ್ಮೆ ಮಾಡಿಸಿ ಕಳೆದುಕೊಂಡವರು. ಇವರಿಗೆ ಹೊಸದಾಗಿ ನೋಂದಣಿ ಮಾಡಿಸಿದರೆ ವಾರಗಟ್ಟಲೆ ಕಾದ ಮೇಲೆ ಅರ್ಜಿ ತಿರಸ್ಕಾರವಾಗುತ್ತದೆ, ಯಾಕೆಂದರೆ ಬೆರಳಚ್ಚು ಆಗಲೇ ಯಾರದೋ ಹೆಸರಲ್ಲಿದೆ, ಅವರದೇ ಹೆಸರಲ್ಲಿ. ಆದ್ದರಿಂದ ಮೊದಲು ‘ಹಿಂದೆ ಕಣ್ಣು, ಬೆರಳು ತೆಗೆಸಿಕೊಂಡಿದ್ದಿರಾ?’ ಎಂದು ಕೇಳಿ. ಹೌದಾದರೆ ಆಧಾರ್ ಸೇವಾ ಕೇಂದ್ರದಲ್ಲಿ ಬೆರಳಚ್ಚಿನಿಂದಲೇ ಹಳೆಯ ಸಂಖ್ಯೆ ಹುಡುಕಿಸಿ. ಮಾಡಿಸಿದಾಗಿನ ಊರಿನ ಪಿನ್‌ಕೋಡ್ ಗೊತ್ತಿದ್ದರೆ ಕೆಲಸ ಸುಲಭ. ಗಾರೆ, ಹಮಾಲಿ ಕೆಲಸದವರ ಬೆರಳ ಗೆರೆ ಸವೆದಿರುತ್ತವೆ. ಕಣ್ಣಿನ ಸ್ಕ್ಯಾನ್ ಮಾಡುವಂತೆ ಕೇಳಿ. ನಿಜಕ್ಕೂ ಆಧಾರ್ ಇಲ್ಲದಿದ್ದರೆ, ಮಾನ್ಯತೆ ಪಡೆದ ತಂಗುದಾಣದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರ ವಿಳಾಸದ ದಾಖಲೆಯಾಗುತ್ತದೆ. ಆಧಾರ್‌ಗೆ ನಿಮ್ಮ ಮೊಬೈಲ್ ಸಂಖ್ಯೆ ಜೋಡಿಸಬೇಡಿ. ಅನುಕೂಲ ಅನಿಸುತ್ತದೆ, ಆದರೆ ಆರು ತಿಂಗಳ ನಂತರ ಅವರು ಬೇರೆ ಊರಲ್ಲಿ ಬ್ಯಾಂಕಿನ ಮುಂದೆ ನಿಂತಿರುತ್ತಾರೆ, ಒಟಿಪಿ ನಿಮ್ಮ ಜೇಬಿಗೆ ಬರುತ್ತದೆ.

ಮತದಾರರ ಚೀಟಿ: ಮನೆ ಇಲ್ಲದವರಿಗೂ ಸಿಗುತ್ತದೆ. ನಮೂನೆ 6ರಲ್ಲಿ ಮಲಗುವ ಜಾಗವನ್ನೇ ವಿಳಾಸವಾಗಿ ಬರೆಯಬಹುದು. ಮತಗಟ್ಟೆ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಬಂದು ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಂಡರೆ ಬೇರೆ ವಿಳಾಸದ ದಾಖಲೆ ಬೇಕಿಲ್ಲ. ಅಧಿಕಾರಿ ಬರುವ ರಾತ್ರಿ ವ್ಯಕ್ತಿ ಮದುವೆ ಕೆಲಸಕ್ಕೆ ಹೋಗಿಬಿಟ್ಟಿದ್ದರೆ ಅರ್ಜಿ ಬೀಳುತ್ತದೆ. ದಿನವನ್ನು ಮೊದಲೇ ಮಾತಾಡಿಕೊಂಡು ಇಬ್ಬರಿಗೂ ನೆನಪಿಸುವುದೇ ನಿಮ್ಮ ಕೆಲಸ.

ಬ್ಯಾಂಕ್: ಯಾವ ದಾಖಲೆಯೂ ಇಲ್ಲದಿದ್ದರೂ ಫೋಟೊ ಮತ್ತು ಸಹಿ ಅಥವಾ ಹೆಬ್ಬೆಟ್ಟಿನ ಮೇಲೆ ‘ಸಣ್ಣ ಖಾತೆ’ ತೆರೆಯಬಹುದು. 12 ತಿಂಗಳು ನಡೆಯುತ್ತದೆ, ದಾಖಲೆಗೆ ಅರ್ಜಿ ಹಾಕಿದ್ದರೆ ಇನ್ನೂ 12. ಖಾತೆಯಲ್ಲಿ 50 ಸಾವಿರಕ್ಕಿಂತ ಹೆಚ್ಚು ಇರುವಂತಿಲ್ಲ, ತಿಂಗಳಿಗೆ 10 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಕೌಂಟರಿನಲ್ಲಿ ‘ಆಗಲ್ಲ’ ಎಂದರೆ ಮ್ಯಾನೇಜರನ್ನು ಕಾಣಿ.

ಪಡಿತರ: ಹೊಸ ಕಾರ್ಡಿಗೆ ಅರ್ಜಿ ಹಾಕುವ ಮುನ್ನ ಊರಿನ ಮನೆಯ ಕಾರ್ಡಿನಲ್ಲಿ ಹೆಸರಿದೆಯೇ ನೋಡಿ. ಇದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಊರಲ್ಲಿ ಅಣ್ಣತಮ್ಮಂದಿರು ಅದೇ ಅಕ್ಕಿ ತಿನ್ನುತ್ತಿದ್ದರೆ ಜಗಳವಾಗುತ್ತದೆ. ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

65 ದಾಟಿದವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ನಾಡಕಚೇರಿಯಲ್ಲಿ ಅರ್ಜಿ. ವಯಸ್ಸಿನ ದಾಖಲೆಯೇ ಇಲ್ಲಿ ತೊಡಕು. ಆಧಾರ್ ಮಾಡಿಸುವಾಗ ಅಂದಾಜಿಗೆ ಬರೆಸಿದ ಹುಟ್ಟಿದ ವರ್ಷ ಎಷ್ಟೋ ಜನರನ್ನು ಹತ್ತು ವರ್ಷ ಚಿಕ್ಕವರನ್ನಾಗಿ ಮಾಡಿಟ್ಟಿದೆ.

ಬಾಡಿಗೆ ಮನೆ ಕೊಡಿಸಲು ನೆರೆಹೊರೆಯವರು ಸೇರಿ ಏನು ಮಾಡಬಹುದು?

ದುಡಿಯುವವರನ್ನು ಬೀದಿಯಿಂದ ಎತ್ತುವ ನೇರ ದಾರಿ ಇದು, ಆದರೂ ಇದನ್ನು ಮಾಡುವವರು ಕಡಿಮೆ. ಲೆಕ್ಕ ನೋಡಿ. ನಗರದ ಅಂಚಿನಲ್ಲಿ ಒಂದು ಕೋಣೆಗೆ 5,000 ಬಾಡಿಗೆ ಎಂದುಕೊಳ್ಳಿ. ಬೆಂಗಳೂರಿನ ರೂಢಿಯಂತೆ ಹತ್ತು ತಿಂಗಳ ಅಡ್ವಾನ್ಸ್ ಎಂದರೆ 50,000. ಮೂವರು ಹಮಾಲಿಗಳು ಸೇರಿದರೆ ತಲೆಗೆ 1,700ರಂತೆ ಬಾಡಿಗೆ ಕಟ್ಟಬಲ್ಲರು. 50,000ವನ್ನು ಒಟ್ಟಿಗೆ ತರಲಾರರು. ಕೂಡಿಟ್ಟರೆ ಫುಟ್‌ಪಾತಿನಲ್ಲಿ ಉಳಿಯುವುದೂ ಇಲ್ಲ, ನಿದ್ದೆಯಲ್ಲಿ ಜೇಬು ಕತ್ತರಿಸಿರುತ್ತಾರೆ.

20 ಮನೆಯವರು ತಿಂಗಳಿಗೆ 500ರಂತೆ ಹಾಕಿದರೆ ಹತ್ತು ತಿಂಗಳಿಗೆ ಒಂದು ಲಕ್ಷ. ಎರಡು ಕೋಣೆಯ ಅಡ್ವಾನ್ಸ್ ಆಯಿತು. ಈ ದುಡ್ಡು ಖರ್ಚಾಗುವುದಿಲ್ಲ, ಮನೆ ಬಿಟ್ಟಾಗ ವಾಪಸ್ ಬಂದು ಮುಂದಿನವರಿಗೆ ಹೋಗುತ್ತದೆ. ಹಾಗಾಗಬೇಕಾದರೆ ಕೆಲವು ಎಚ್ಚರಗಳು ಬೇಕು. ಅಡ್ವಾನ್ಸನ್ನು ಮಾಲೀಕರ ಖಾತೆಗೆ ನೇರವಾಗಿ ಹಾಕಿ. ಛಾಪಾ ಕಾಗದದ 11 ತಿಂಗಳ ಕರಾರಿನಲ್ಲಿ ಬಾಡಿಗೆದಾರ, ಮಾಲೀಕ ಇಬ್ಬರ ಜೊತೆ ಮೂರನೆಯವರಾಗಿ ನಿಮ್ಮ ಸಂಘದ ಹೆಸರಿರಲಿ, ಅಡ್ವಾನ್ಸ್ ಹಿಂತಿರುಗಬೇಕಾದದ್ದು ಸಂಘಕ್ಕೆ ಎಂದು ಬರೆಸಿ. ಸುಣ್ಣಬಣ್ಣಕ್ಕೆಂದು ಮಾಲೀಕರು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಇಲ್ಲಿನ ಪದ್ಧತಿ. ಅಷ್ಟು ಸೋರುತ್ತದೆ ಎಂದು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಒಳಹೋಗುವ ದಿನವೇ ಗೋಡೆ, ನಲ್ಲಿ, ಬಾಗಿಲುಗಳ ಫೋಟೊ ತೆಗೆದಿಡಿ, ಹೊರಬರುವ ದಿನ ಜಗಳ ಕಡಿಮೆಯಾಗುತ್ತದೆ. ಸ್ಥಳೀಯರೊಬ್ಬರು ಜವಾಬ್ದಾರರಾಗಿ ನಿಂತರೆ ಐದು ತಿಂಗಳ ಅಡ್ವಾನ್ಸಿಗೆ ಒಪ್ಪುವ ಮಾಲೀಕರೂ ಇದ್ದಾರೆ. ನಿಮ್ಮ ಮಾತಿಗೆ ಹೀಗೆ 25,000 ರೂಪಾಯಿ ಬೆಲೆ ಬರುತ್ತದೆ.

ಖಾಲಿ ಕೋಣೆಯಲ್ಲಿ ಮೊದಲ ರಾತ್ರಿಗೆ ಚಾಪೆ, ಬಕೆಟ್ಟು, ಚೊಂಬು, ಎರಡು ಪಾತ್ರೆ, ಬಲ್ಬು, ಬೀಗ ಬೇಕು. ವಿಳಾಸದ ದಾಖಲೆ ಇಲ್ಲದೆಯೂ ಸಿಗುವ 5 ಕೆಜಿಯ ಗ್ಯಾಸ್ ಸಿಲಿಂಡರು ಇದೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಮೀಟರಿಗೆ ಬಾಡಿಗೆದಾರರ ಆಧಾರ್ ಜೋಡಿಸಬೇಕು.

ಕೆಡುವುದು ಎಲ್ಲಿ? ಮಳೆಗಾಲದಲ್ಲಿ ಕೆಲಸ ಕಡಿಮೆಯಾಗಿ ಎರಡನೇ, ಮೂರನೇ ತಿಂಗಳ ಬಾಡಿಗೆ ಬಾಕಿ ಬೀಳುತ್ತದೆ. ಅದಕ್ಕೆ ಒಂದು ತಿಂಗಳ ಬಾಡಿಗೆಯಷ್ಟು ಮೊತ್ತವನ್ನು ನಿಧಿಯಲ್ಲಿ ಬೇರೆ ಇಡಿ. ಮೂವರಲ್ಲಿ ಒಬ್ಬ ಬಿಟ್ಟುಹೋದರೆ ಉಳಿದಿಬ್ಬರಿಗೆ ಭಾರ. ನಾಲ್ಕನೆಯವನ ಹೆಸರು ಮೊದಲೇ ಗೊತ್ತಿರಲಿ. ಕೋಣೆ ಕೆಲಸದ ಜಾಗಕ್ಕೆ ದೂರವಾದರೆ ಬಸ್ ಚಾರ್ಜೇ ಉಳಿತಾಯ ನುಂಗುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಬಸ್ಸಿದೆ, ಆದರೆ ಅದಕ್ಕೂ ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು.

ಮಾನಸಿಕವಾಗಿ ಅಸ್ವಸ್ಥರಾದವರು ನಮ್ಮ ರಸ್ತೆಯಲ್ಲಿ ತಿಂಗಳುಗಳಿಂದ ಇದ್ದಾರೆ. ಯಾರಿಗೆ ಹೇಳಬೇಕು?

ಪೊಲೀಸರಿಗೆ, ಮತ್ತು ಕಾನೂನಿನ ಹೆಸರು ಹೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮದ 100ನೇ ಸೆಕ್ಷನ್ ಪ್ರಕಾರ, ಮಾನಸಿಕ ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆರೋಗ್ಯ ಸಂಸ್ಥೆಗೆ ಕರೆದೊಯ್ಯಬೇಕು. ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಯಿಲ್ಲದವರಾದರೆ ಕಾಣೆಯಾದ ವ್ಯಕ್ತಿ ಎಂದು ಎಫ್‌ಐಆರ್ ದಾಖಲಿಸಿ ಕುಟುಂಬ ಹುಡುಕಬೇಕು. 112ಕ್ಕೆ ಕರೆ ಮಾಡಿ, ಜೊತೆಗೆ ಠಾಣೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ವೈದ್ಯಕೀಯ ಸಲಹೆಗೆ ಟೆಲಿಮನಸ್ ಸಹಾಯವಾಣಿ 14416, ಕನ್ನಡದಲ್ಲೂ ಮಾತಾಡುತ್ತಾರೆ. ಚಿಕಿತ್ಸೆಗೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ, ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ, ಉಳಿದೆಡೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು.

ಚಿಕಿತ್ಸೆ ಶುರುವಾದ ಮೇಲೆ ಮನೆ ಹುಡುಕುವ ಕೆಲಸದಲ್ಲಿ ಸಾಮಾನ್ಯ ಜನರ ಪಾತ್ರ ದೊಡ್ಡದು. ‘ನಿಮ್ಮ ವಿಳಾಸ ಹೇಳಿ’ ಎಂದರೆ ಉತ್ತರ ಬರುವುದಿಲ್ಲ. ‘ನಿಮ್ಮೂರ ಸಂತೆ ಯಾವ ದಿನ?’, ‘ಜಾತ್ರೆ ಯಾವ ದೇವರದು?’, ‘ಸಂತೆಗೆ ಯಾವ ಊರಿಗೆ ಬಸ್ ಹತ್ತುತ್ತಿದ್ದಿರಿ?’, ‘ಹೊಲದಲ್ಲಿ ಏನು ಬೆಳೀತೀರಿ?’ ಎಂದು ಕೇಳಿ. ಮಂಗಳವಾರದ ಸಂತೆ, ತೊಗರಿ ಹೊಲ, ಹತ್ತಿರದ ನದಿ ಇವು ಮೂರು ಸಿಕ್ಕರೆ ನಕ್ಷೆಯಲ್ಲಿ ತಾಲ್ಲೂಕಿನವರೆಗೆ ಬರಬಹುದು. ಮಾತಿನ ಧಾಟಿ ಕಲಬುರಗಿಯದೋ ಕುಂದಾಪುರದ್ದೋ ಎಂದು ಆ ಕಡೆಯವರಿಗೆ ಫೋನಿನಲ್ಲಿ ಕೇಳಿಸಿ. ಒಡಿಯಾ, ಬಂಗಾಳಿ, ತೆಲುಗು ಮಾತಾಡಿದರೆ ಪಕ್ಕದ ಕಟ್ಟಡ ಕೆಲಸದಲ್ಲಿ ಆ ಭಾಷೆಯವರು ಇದ್ದೇ ಇರುತ್ತಾರೆ. ಮುಖದ ವಿಡಿಯೊ ಎಲ್ಲ ಗುಂಪುಗಳಿಗೂ ಹರಿಬಿಡಬೇಡಿ. ಹೆಂಗಸರ ವಿಷಯದಲ್ಲಿ ಸಂಬಂಧಿಕರೆಂದು ಹೇಳಿಕೊಂಡು ಬರುವವರೆಲ್ಲ ಸಂಬಂಧಿಕರಲ್ಲ.

ಮಕ್ಕಳು ಒಂಟಿಯಾಗಿ ಕಂಡರೆ?

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ರೈಲು ನಿಲ್ದಾಣವಾದರೆ ರೈಲ್ವೆ ರಕ್ಷಣಾ ಪಡೆ ಅಥವಾ ರೈಲ್ವೆ ಸಹಾಯವಾಣಿ 139. ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಮನೆಗೆ ಕರೆದೊಯ್ದು ಇಟ್ಟುಕೊಳ್ಳಬೇಡಿ. ಕುಟುಂಬದೊಡನೆ ಬೀದಿಯಲ್ಲಿರುವ ಮಕ್ಕಳ ವಿಷಯ ಬೇರೆ: ಅವರಿಗೆ ಬೇಕಾದದ್ದು ತಾಯಿಯಿಂದ ಅಗಲಿಕೆ ಅಲ್ಲ, ಹತ್ತಿರದ ಅಂಗನವಾಡಿ, ಶಾಲೆ. ಶಾಲೆಗೆ ಸೇರಿಸಲು ವಿಳಾಸದ ದಾಖಲೆ ಇಲ್ಲ ಎಂದು ವಾಪಸ್ ಕಳಿಸುವಂತಿಲ್ಲ.

ಮಕ್ಕಳು ಹೊರಹಾಕಿದ ವೃದ್ಧರಿಗೆ?

ಸಹಾಯವಾಣಿ 14567. ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ಅವರಿಗೆ ಸಾಧ್ಯವಾಗದಿದ್ದರೆ ಅವರ ಪರವಾಗಿ ಬೇರೆಯವರೋ ಸಂಸ್ಥೆಯೋ ಹಾಕಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಮನೆ ಬರೆದುಕೊಟ್ಟು ಮೋಸ ಹೋಗಿದ್ದರೆ 23ನೇ ಸೆಕ್ಷನ್ ಅಡಿ ಆ ದಾನಪತ್ರವನ್ನೇ ರದ್ದು ಮಾಡಿಸಬಹುದು. ಪತ್ರದಲ್ಲಿ ಆ ಷರತ್ತು ಬರೆದಿದ್ದರೆ ವಾದ ಗಟ್ಟಿ, ಬರೆದಿಲ್ಲದಿದ್ದರೆ ಕಷ್ಟ. ಹಲವರು ಅರ್ಜಿ ಹಾಕಲು ಒಪ್ಪುವುದಿಲ್ಲ. ‘ಮಗನ ಮೇಲೆ ಕೇಸೇ?’ ಎನ್ನುತ್ತಾರೆ. ಒತ್ತಾಯ ಮಾಡಬೇಡಿ, ಪಿಂಚಣಿ ಕೆಲಸ ಮೊದಲು ಮಾಡಿ.

ಮನೆ ಕಟ್ಟಿಸುತ್ತಿದ್ದೇವೆ. ಇದಕ್ಕೂ ವಸತಿಹೀನತೆಗೂ ಸಂಬಂಧವಿದೆಯೇ?

ಇದೆ. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬ ನಿಮ್ಮ ಸೈಟಿನ ಮೂಲೆಯಲ್ಲಿ ತಗಡಿನ ಶೆಡ್ಡಿನಲ್ಲಿರುತ್ತದೆ. ಗೃಹಪ್ರವೇಶದ ಮಾರನೇ ದಿನ ಅವರಿಗೆ ಮನೆಯಿಲ್ಲ. ಕೆಲಸ ಮುಗಿಯುವ ಒಂದು ತಿಂಗಳ ಮೊದಲೇ ಮೇಸ್ತ್ರಿಯನ್ನು ‘ಇವರು ಮುಂದೆ ಎಲ್ಲಿಗೆ?’ ಎಂದು ಕೇಳಿ. ಶೆಡ್ಡಿಗೆ ನೆಲದಿಂದ ಅರ್ಧ ಅಡಿ ಎತ್ತರದ ಇಟ್ಟಿಗೆ ಹಾಸು, ಬಾಗಿಲಿಗೆ ಚಿಲಕ, ಶೌಚಾಲಯ, ಒಂದು ದೀಪ ಕೊಡಿ. ಸಂಪಿನ ಬಾಯಿಗೆ ಮುಚ್ಚಳ ಹಾಕಿಸಿ, ಕೆಲಸಗಾರರ ಪುಟ್ಟ ಮಕ್ಕಳು ಬೀಳುವುದು ಅಲ್ಲೇ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. 90 ದಿನ ಕೆಲಸ ಮಾಡಿದ ಪ್ರಮಾಣಪತ್ರಕ್ಕೆ ಸಹಿ ಹಾಕಲು ಮಾಲೀಕರು ಹಿಂಜರಿಯುತ್ತಾರೆ. ನಿಮಗೆ ಗೊತ್ತಿರುವ ಸತ್ಯಕ್ಕೆ ಸಹಿ ಹಾಕಲು ಹಿಂಜರಿಕೆ ಬೇಕಿಲ್ಲ.

ಆಸ್ಪತ್ರೆಗಳ ಮುಂದೆ ಮಲಗುವವರು?

ಕಿದ್ವಾಯಿ, ನಿಮ್ಹಾನ್ಸ್, ವಿಕ್ಟೋರಿಯಾ ಸುತ್ತ ಮಲಗುವವರಲ್ಲಿ ಹಲವರು ದೂರದ ಜಿಲ್ಲೆಗಳ ರೋಗಿಗಳ ಕಡೆಯವರು. ಅವರಿಗೆ ಬೇಕಾದದ್ದು ಹತ್ತು ಹದಿನೈದು ದಿನದ ಮಟ್ಟಿಗೆ ಸ್ನಾನ, ಶೌಚ, ಸಾಮಾನು ಇಡುವ ಜಾಗ, ಮೊಬೈಲ್ ಚಾರ್ಜು. ಹತ್ತಿರ ಖಾಲಿ ಬಿದ್ದ ಸಮುದಾಯ ಭವನ, ಛತ್ರದ ಒಂದು ಕೋಣೆ ಸಾಕು.

ಭಿಕ್ಷುಕರ ಪುನರ್ವಸತಿ ಕೇಂದ್ರಕ್ಕೆ ಕಳಿಸಿಬಿಟ್ಟರೆ ಆಗದೇ?

1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮದಡಿ ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. ಬೆಂಗಳೂರಿನದು ಮಾಗಡಿ ರಸ್ತೆಯಲ್ಲಿದೆ. ನಿಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಇದಕ್ಕೆಂದೇ ಶೇ 3ರ ಉಪಕರ ಇರುತ್ತದೆ, ಆದ್ದರಿಂದ ಕೇಂದ್ರ ಹೇಗೆ ನಡೆಯುತ್ತಿದೆ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಈ ಕಾಯ್ದೆ ಭಿಕ್ಷೆ ಬೇಡುವವರಿಗೆ, ಮನೆಯಿಲ್ಲದ ಎಲ್ಲರಿಗಲ್ಲ. ದುಡಿದು ಮಲಗಿದವರನ್ನು ವ್ಯಾನಿಗೆ ಹತ್ತಿಸಿದರೆ ಅವರ ಕೆಲಸವೂ ಹೋಗುತ್ತದೆ, ಗಂಟೂ ಹೋಗುತ್ತದೆ. ನಿಮಗೆ ಗೊತ್ತಿರುವವರನ್ನು ಹಾಗೆ ಒಯ್ದಿದ್ದರೆ, ಕೆಲಸ ಕೊಡುವ ಮಂಡಿಯವರ ಅಥವಾ ಹೋಟೆಲಿನವರ ಪತ್ರ ಹಿಡಿದು ಕೇಂದ್ರದ ಅಧೀಕ್ಷಕರನ್ನು ಕಾಣಿ.

ನಮ್ಮ ಊರಲ್ಲಿ ತಂಗುದಾಣವೇ ಇಲ್ಲ. ಎಲ್ಲಿಂದ ಶುರು?

ಎಣಿಕೆಯಿಂದ. ಆರೆಂಟು ಜನ, ಇಬ್ಬಿಬ್ಬರ ಜೋಡಿ, ಪ್ರತಿ ಜೋಡಿಯಲ್ಲೂ ಒಬ್ಬ ಹೆಂಗಸು ಇದ್ದರೆ ಒಳ್ಳೆಯದು. ಠಾಣೆಗೆ ಮೊದಲೇ ಪತ್ರ ಕೊಡಿ. ರಾತ್ರಿ ಹನ್ನೊಂದರಿಂದ ಮೂರರವರೆಗೆ, ಒಂದೇ ರಾತ್ರಿ, ಎಲ್ಲ ಜಾಗ. ಹೆಸರು ಬೇಡ, ಜಾಗ, ಗಂಡಸೋ ಹೆಂಗಸೋ ಮಗುವೋ, ಒಂಟಿಯೋ ಕುಟುಂಬವೋ ಸಾಕು. ವಾರದ ನಂತರ ಹಗಲು ಒಮ್ಮೆ ಬಂದು ಹಗಲು ಮಲಗುವವರನ್ನು ಸೇರಿಸಿ. ಸಂತೆ, ಜಾತ್ರೆ ದಿನ ಎಣಿಸಿದರೆ ಲೆಕ್ಕ ಉಬ್ಬುತ್ತದೆ.

ಜೊತೆಗೇ ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ಉದ್ದುದ್ದ ಬರೆದವರ ಅರ್ಜಿ ವಾಪಸ್ ಬರುವುದು ಇದೇ ಕಾರಣಕ್ಕೆ. ಕೇಳಬೇಕಾದದ್ದು: ವಸತಿರಹಿತರ ಸಮೀಕ್ಷೆ ಕೊನೆಯದಾಗಿ ನಡೆದ ದಿನಾಂಕ ಮತ್ತು ಸಂಖ್ಯೆ, ತಂಗುದಾಣಗಳ ವಿಳಾಸ ಮತ್ತು ಹಾಸಿಗೆ, ನಡೆಸುವವರು ಯಾರು, ಮಂಜೂರಾದ ಮತ್ತು ಖರ್ಚಾದ ಹಣ. ನಿಮ್ಮ ಎಣಿಕೆ, ಅವರ ಉತ್ತರ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಆಯುಕ್ತರನ್ನೂ ವಾರ್ಡಿನ ಸದಸ್ಯರನ್ನೂ ಕಾಣಿ. ಬಳಸದೆ ಬಿಟ್ಟ ಸರ್ಕಾರಿ ಶಾಲೆ ಕಟ್ಟಡವೋ ಹಳೆಯ ಕಚೇರಿಯೋ ಇದ್ದರೆ ಅದರ ಸರ್ವೆ ನಂಬರ್ ಸಮೇತ ಹೇಳಿ. ‘ಜಾಗ ಎಲ್ಲಿದೆ?’ ಎಂಬ ಪ್ರಶ್ನೆಗೆ ಉತ್ತರ ತಯಾರಿದ್ದರೆ ಕಡತ ಮುಂದೆ ಹೋಗುತ್ತದೆ. ಅಕ್ಕಪಕ್ಕದ ಮನೆಯವರು ‘ಇಲ್ಲಿ ಬೇಡ’ ಎನ್ನುವುದು ಖಂಡಿತ. ಶಿಲಾನ್ಯಾಸದ ದಿನ ಹೋಗಿ ಸಮಾಧಾನ ಹೇಳುವ ಬದಲು ಎರಡು ತಿಂಗಳು ಮೊದಲೇ ಮನೆಮನೆಗೆ ಹೋಗಿ ಮಾತಾಡಿ.

ವಿದೇಶದಲ್ಲಿದ್ದೇನೆ, ಹಣ ಕಳಿಸಬಹುದೇ?

ಭಾರತದ ಪಾಸ್‌ಪೋರ್ಟ್ ಇರುವವರು ಬ್ಯಾಂಕ್ ಮೂಲಕ ಕೊಡುವ ದೇಣಿಗೆ ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡಿನವರೂ ಸೇರಿ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಇರುವ ಸಂಸ್ಥೆಗೆ ಮಾತ್ರ ಕೊಡಬೇಕು. ಬಡಾವಣೆಯ ಅಡ್ವಾನ್ಸ್ ನಿಧಿಗೆ ಅಂಥ ಹಣ ಸೇರಿಸಿದರೆ ಸಂಘಕ್ಕೇ ತೊಂದರೆ.

ಮನೆ ಮಾಡಿಕೊಟ್ಟ ಮೇಲೂ ಮತ್ತೆ ಫುಟ್‌ಪಾತಿಗೆ ಬಂದುಬಿಟ್ಟರೆ?

ಬರುತ್ತಾರೆ, ಕೆಲವರು ಎರಡು ಮೂರು ಸಲ. ವರ್ಷಗಟ್ಟಲೆ ಹತ್ತು ಜನರ ನಡುವೆ ಮಲಗಿದವರಿಗೆ ನಾಲ್ಕು ಗೋಡೆಯ ಒಂಟಿತನ ಹಿಂಸೆ. ಕುಡಿತ, ಟಿಬಿ, ನಿಂತ ಔಷಧಿ ಉಳಿದ ಕಾರಣಗಳು. ಟಿಬಿಗೆ ಕನಿಷ್ಠ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು. ಔಷಧಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಖಾತೆ ಇಲ್ಲದವರಿಗೆ ಆ ಹಣ ಬರುವುದಿಲ್ಲ.

ಹೊಸ ಮನೆಯ ಮೊದಲ ತಿಂಗಳು ವಾರಕ್ಕೆರಡು ಸಲ, ಆಮೇಲೆ ಆರು ತಿಂಗಳವರೆಗೆ ವಾರಕ್ಕೊಮ್ಮೆ ಹೋಗಿ ಬನ್ನಿ. ಒಬ್ಬರೇ ಹೊತ್ತುಕೊಂಡರೆ ಮೂರನೇ ತಿಂಗಳಿಗೆ ಸುಸ್ತಾಗುತ್ತೀರಿ. ಒಬ್ಬರಿಗೆ ಇಬ್ಬರಂತೆ ಹಂಚಿಕೊಳ್ಳಿ. ನಿಮ್ಮ ಗುಂಪಿಗೆ ಹತ್ತು ಜನರ ಹಿಂದೆ ಹೋಗುವ ಶಕ್ತಿ ಇಲ್ಲದಿದ್ದರೆ ಇಬ್ಬರನ್ನೇ ಆರಿಸಿ. ಹೋದಾಗ ಬಾಡಿಗೆ ಕಟ್ಟಿದರೇ ಎಂದು ಮೊದಲು ಕೇಳಬೇಡಿ, ಒಲೆ ಹೊತ್ತಿದೆಯೇ ನೋಡಿ. ಒಲೆ ತಣ್ಣಗಿದ್ದು ಚಾಪೆ ಸುತ್ತಿಟ್ಟಿದ್ದರೆ ಅವರು ಹಳೆಯ ಜಾಗದಲ್ಲೇ ಮಲಗುತ್ತಿದ್ದಾರೆ ಎಂದರ್ಥ. ಆಗ ಕರಾರು ಮುರಿಯುವ ಮೊದಲು ಆ ಹಳೆಯ ಜಾಗಕ್ಕೆ ರಾತ್ರಿ ಹೋಗಿ, ಅಲ್ಲಿಂದ ಕೋಣೆಗೆ ಜೊತೆಗಾರರಾಗಿ ಬರಲು ಯಾರಿದ್ದಾರೆ ಎಂದು ಕೇಳಿ.